ಗರ್ಭನಿರೋಧಕ ಮಾತ್ರೆ, ಮುಟ್ಟು, ಬೇರೆ ಔಷಧಿ: ನಡುವೆ ರಕ್ತ ಕಂಡರೆ ಏನು ಲೆಕ್ಕ ಹಾಕಬೇಕು

ಮಾಲಾ-ಎನ್ ಪಟ್ಟಿಯನ್ನು ಕೈಗೆತ್ತಿಕೊಂಡು ಒಮ್ಮೆ ಎಣಿಸಿ ನೋಡಿ. ಒಟ್ಟು 28 ಮಾತ್ರೆ. ಗರ್ಭ ತಡೆಯುವವು ಅದರಲ್ಲಿ 21 ಬಿಳಿ ಮಾತ್ರೆ ಮಾತ್ರ. ಅವುಗಳಲ್ಲಿ ಒಂದೊಂದರಲ್ಲೂ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ (ಪ್ರೊಜೆಸ್ಟಿನ್ ಜಾತಿಯ ಹಾರ್ಮೋನು), 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್ (ಈಸ್ಟ್ರೊಜನ್ ಜಾತಿಯದು) ಇರುತ್ತದೆ. ಉಳಿದ 7 ಬೇರೆ ಬಣ್ಣದವು, ಬರೀ ಕಬ್ಬಿಣಾಂಶದ ಮಾತ್ರೆಗಳು. ಮಾತ್ರೆ ಶುರುಮಾಡಿದ ಮೇಲೆ ಮುಟ್ಟಿನ ಬಗ್ಗೆ ಹುಟ್ಟುವ ಬಹುಪಾಲು ಗೊಂದಲಗಳಿಗೆ ಉತ್ತರ ಈ 21 ಮತ್ತು 7ರ ಲೆಕ್ಕದಲ್ಲೇ ಇದೆ.

ಆ 21 ದಿನ ದೇಹಕ್ಕೆ ಹೊರಗಿನಿಂದ ಹಾರ್ಮೋನು ಸಿಗುತ್ತಿರುವುದರಿಂದ ಅಂಡಾಶಯ ಅಂಡ ಬಿಡುವುದಿಲ್ಲ. ಗರ್ಭಕೋಶದ ಒಳಪದರವೂ ದಪ್ಪ ಬೆಳೆಯದೆ ತೆಳುವಾಗಿಯೇ ಇರುತ್ತದೆ. ಕಬ್ಬಿಣದ ಮಾತ್ರೆಗೆ ಬಂದಾಗ ಹಾರ್ಮೋನು ಒಮ್ಮೆಲೇ ಇಳಿಯುತ್ತದೆ, ಎರಡರಿಂದ ನಾಲ್ಕು ದಿನದಲ್ಲಿ ಆ ತೆಳು ಪದರ ಕಳಚಿ ರಕ್ತ ಹೋಗುತ್ತದೆ. ನಾವು ಅದನ್ನು ಮುಟ್ಟು ಎನ್ನುತ್ತೇವೆ. ಸರಿಯಾಗಿ ಹೇಳಬೇಕೆಂದರೆ ಅದು ಹಾರ್ಮೋನು ನಿಂತದ್ದಕ್ಕೆ ಬಂದ ಸ್ರಾವ. ಪದರ ತೆಳುವಾಗಿದ್ದಷ್ಟೂ ರಕ್ತ ಕಡಿಮೆ, ನೋವೂ ಕಡಿಮೆ. ಮೊದಲು ಐದು ದಿನ ಹೋಗುತ್ತಿದ್ದದ್ದು ಎರಡೇ ದಿನಕ್ಕೆ ನಿಂತರೆ, ಕೆಂಪಿನ ಬದಲು ಕಂದು ಕಲೆ ಮಾತ್ರ ಕಂಡರೆ ಗಾಬರಿ ಬೇಡ. "ಕೆಟ್ಟ ರಕ್ತ ಒಳಗೇ ಉಳಿದುಬಿಡುತ್ತದೆ" ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಪದರವೇ ಬೆಳೆಯದಿದ್ದಾಗ ಉಳಿಯುವುದಕ್ಕೆ ಒಳಗೆ ಏನೂ ಇರುವುದಿಲ್ಲ.

ಹೀಗಾಗಿ ಈ ಸ್ರಾವ ಬಂತೆಂದರೆ ಗರ್ಭ ನಿಂತಿಲ್ಲ ಎಂದಾಗಲಿ, ಬರಲಿಲ್ಲವೆಂದರೆ ಗರ್ಭ ನಿಂತಿದೆ ಎಂದಾಗಲಿ ಖಚಿತವಾಗಿ ಹೇಳಲಾಗದು. ಒಂದೂ ಮಾತ್ರೆ ತಪ್ಪಿಸದೆ ನುಂಗಿದ್ದು, ಕೆಳಗೆ ಹೇಳಿರುವ ಯಾವ ಔಷಧಿಯನ್ನೂ ತೆಗೆದುಕೊಳ್ಳದಿದ್ದರೆ ಒಂದು ತಿಂಗಳು ಸ್ರಾವ ಬಾರದಿದ್ದರೂ ಮುಂದಿನ ಪಟ್ಟಿಯನ್ನು ಅದರ ದಿನಕ್ಕೇ ಶುರುಮಾಡಿ. ಮಾತ್ರೆ ತಪ್ಪಿದ್ದರೆ, ಇಲ್ಲವೇ ಸತತ ಎರಡು ತಿಂಗಳು ಬಾರದಿದ್ದರೆ ಮೂತ್ರದ ಗರ್ಭಪರೀಕ್ಷೆ ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯರ ಬಳಿ ನಿಶ್ಚಯ್ ಕಿಟ್ ಇರುತ್ತದೆ.

ಶುರುಮಾಡುವ ದಿನ, ಮೊದಲ ಮೂರು ತಿಂಗಳು

ಮುಟ್ಟು ಶುರುವಾದ ದಿನದಿಂದ ಐದನೇ ದಿನದೊಳಗೆ ಮೊದಲ ಮಾತ್ರೆ ನುಂಗಿದರೆ ಅಂದಿನಿಂದಲೇ ರಕ್ಷಣೆ. ಅದಕ್ಕಿಂತ ತಡವಾದರೆ, ಗರ್ಭ ನಿಂತಿಲ್ಲ ಎಂದು ಖಾತ್ರಿಯಿದ್ದಾಗ ಯಾವ ದಿನವಾದರೂ ಆರಂಭಿಸಬಹುದು, ಆದರೆ ಮೊದಲ 7 ದಿನ ಕಾಂಡೋಮ್ ಬೇಕು. ರಾತ್ರಿ ಊಟವಾದ ಮೇಲೆ ನುಂಗುವುದು ಒಳ್ಳೆಯದು. ಹೊಟ್ಟೆ ತೊಳೆಸುವುದು ಕಡಿಮೆ, ಮರೆಯುವುದೂ ಕಡಿಮೆ.

ಮೊದಲ ಎರಡು ಮೂರು ಪಟ್ಟಿಗಳಲ್ಲಿ ನಡುನಡುವೆ ರಕ್ತದ ಕಲೆ ಕಾಣುವುದು ತೀರ ಸಾಮಾನ್ಯ. ಒಳಪದರ ಹೊಸ ಪ್ರಮಾಣಕ್ಕೆ ಹೊಂದಿಕೊಳ್ಳುತ್ತಿರುತ್ತದೆ, ಅಷ್ಟೆ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ರಕ್ತ ಕಂಡ ಕೂಡಲೇ ಮಾತ್ರೆ ನಿಲ್ಲಿಸುವುದು. ನಿಲ್ಲಿಸಿದರೆ ಹಾರ್ಮೋನು ಇನ್ನೂ ಇಳಿದು ರಕ್ತ ಹೆಚ್ಚುತ್ತದೆ, ಅಂಡಾಶಯವೂ ಎಚ್ಚರಗೊಳ್ಳುತ್ತದೆ. ಕಲೆ ಕಂಡರೂ ಪಟ್ಟಿ ಮುಗಿಸಿ. ಮೂರು ತಿಂಗಳು ಕಳೆದರೂ ನಿಲ್ಲದಿದ್ದರೆ, ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಹೋದರೆ, ಕೂಡಿದ ಮೇಲೆ ರಕ್ತ ಕಂಡರೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಅದಕ್ಕೆ ಗರ್ಭಕೊರಳಿನ ಸೋಂಕಿನಿಂದ ಹಿಡಿದು ಬೇರೆ ಕಾರಣಗಳಿರಬಹುದು.

ಇನ್ನೊಂದು ಸಂದರ್ಭವನ್ನು ಇದರಿಂದ ಬೇರೆಯಾಗಿ ನೋಡಬೇಕು. ಆರು ತಿಂಗಳು, ವರ್ಷ ಎಲ್ಲವೂ ನಿರಾಳವಾಗಿ ನಡೆದು, ಒಂದು ದಿನ ಪಟ್ಟಿಯ ನಡುವೆ ಇದ್ದಕ್ಕಿದ್ದಂತೆ ರಕ್ತ ಕಾಣುತ್ತದೆ. ರಕ್ತದಲ್ಲಿ ಹಾರ್ಮೋನಿನ ಮಟ್ಟ ಕುಸಿದಿದೆ ಎನ್ನುವುದಕ್ಕೆ ಇದು ಸುಳಿವಾಗಿರಬಹುದು. ಆಗ ಈ ಮೂರನ್ನು ಕೇಳಿಕೊಳ್ಳಿ: ಮಾತ್ರೆ ತಪ್ಪಿತೇ? ವಾಂತಿ ಭೇದಿ ಆಯಿತೇ? ಇತ್ತೀಚೆಗೆ ಹೊಸ ಔಷಧಿ ಏನಾದರೂ ಸೇರಿತೇ?

ಮಾತ್ರೆ ತಪ್ಪಿದಾಗ

ಒಂದೇ ಮಾತ್ರೆ ತಪ್ಪಿದ್ದರೆ ನೆನಪಾದ ಕೂಡಲೇ ನುಂಗಿ, ಮುಂದಿನದನ್ನು ಅದರ ಹೊತ್ತಿಗೇ ನುಂಗಿ. ಒಂದೇ ದಿನ ಎರಡು ನುಂಗಿದಂತಾದರೂ ತೊಂದರೆಯಿಲ್ಲ. ಕಾಂಡೋಮ್ ಬೇಡ.

ಸಾಲಾಗಿ ಎರಡು ಅಥವಾ ಹೆಚ್ಚು ತಪ್ಪಿದ್ದರೆ, ತಪ್ಪಿದವುಗಳಲ್ಲಿ ಕೊನೆಯದನ್ನು ಮಾತ್ರ ಕೂಡಲೇ ನುಂಗಿ ಉಳಿದವನ್ನು ಎಸೆಯಿರಿ, ದಿನದ ಮಾತ್ರೆ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ಮೂರು ತಪ್ಪಿದರೆ ಮಾತ್ರ ಹೀಗೆ ಮಾಡಿ ಎನ್ನುವ ಮಾರ್ಗಸೂಚಿಗಳೂ ಇವೆ. ಆದರೂ ಬಿಗಿಯಾದ ಲೆಕ್ಕವೇ ಲೇಸು. ತಪ್ಪಿದ್ದು ಮೊದಲ ವಾರದಲ್ಲಾಗಿದ್ದು, ಹಿಂದಿನ ಐದು ದಿನಗಳಲ್ಲಿ ಕೂಡಿದ್ದರೆ ತುರ್ತು ಮಾತ್ರೆಯ ಬಗ್ಗೆ ಕೇಳಿ. ತಪ್ಪಿದ್ದು 15ರಿಂದ 21ನೇ ಮಾತ್ರೆಯ ನಡುವೆ ಆಗಿದ್ದರೆ ಬಿಳಿ ಮಾತ್ರೆಗಳನ್ನು ಮುಗಿಸಿ, ಕಬ್ಬಿಣದ ಏಳನ್ನು ಬಿಟ್ಟು, ಮರುದಿನವೇ ಹೊಸ ಪಟ್ಟಿ ಹಿಡಿಯಿರಿ. ಆ ತಿಂಗಳು ಸ್ರಾವ ಬಾರದು, ಅದು ಸರಿಯೇ. ಕಬ್ಬಿಣದ ಮಾತ್ರೆ ತಪ್ಪಿದರೆ ಏನೂ ಆಗುವುದಿಲ್ಲ.

ಇವೆಲ್ಲಕ್ಕಿಂತ ಅಪಾಯದ ಮರೆವು ಯಾವುದೆಂದರೆ ಹೊಸ ಪಟ್ಟಿಯನ್ನು ತಡವಾಗಿ ಶುರುಮಾಡುವುದು. ಓವ್ರಾಲ್-ಎಲ್, ನೊವೆಲಾನ್, ಡಯಾನ್-35 ಮುಂತಾದ ಮೆಡಿಕಲ್ ಶಾಪಿನ ಪಟ್ಟಿಗಳಲ್ಲಿ 21 ಮಾತ್ರೆ ಅಷ್ಟೇ ಇರುತ್ತವೆ. ಏಳು ದಿನ ಬಿಡುವು ಕೊಟ್ಟು ಎಂಟನೇ ದಿನ ಶುರುಮಾಡಬೇಕು. "ರಕ್ತ ಪೂರ್ತಿ ನಿಲ್ಲಲಿ" ಎಂದು ಕಾಯುತ್ತಾ ಒಂಬತ್ತು ಹತ್ತು ದಿನ ಮಾಡಿಕೊಳ್ಳುವವರು ಬಹಳ. ಆ ಏಳು ದಿನದಲ್ಲೇ ಅಂಡಾಶಯ ಅರ್ಧ ಎಚ್ಚರಗೊಂಡಿರುತ್ತದೆ, ಇನ್ನೆರಡು ದಿನ ಸೇರಿದರೆ ಅಂಡ ಬಿಡಲು ಅವಕಾಶವಾಗುತ್ತದೆ. ರಕ್ತ ಹೋಗುತ್ತಿರಲಿ, ನಿಂತಿರಲಿ, ಎಂಟನೇ ದಿನ ಎಂದರೆ ಎಂಟನೇ ದಿನವೇ.

ಮಾತ್ರೆ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಅದು ನುಂಗದ ಹಾಗೆಯೇ ಲೆಕ್ಕ. ಇನ್ನೊಂದು ಬಿಳಿ ಮಾತ್ರೆ ನುಂಗಿ. ಇದಕ್ಕೆಂದೇ ಒಂದು ಹೆಚ್ಚುವರಿ ಪಟ್ಟಿ ಮನೆಯಲ್ಲಿರಲಿ, ನಡೆಯುತ್ತಿರುವ ಪಟ್ಟಿಯಿಂದ ಕಿತ್ತರೆ ದಿನದ ಲೆಕ್ಕ ಕೆಡುತ್ತದೆ. ಜೋರು ವಾಂತಿ ಭೇದಿ ಎರಡು ದಿನ ಎಳೆದರೆ ಎರಡು ಮಾತ್ರೆ ತಪ್ಪಿದಾಗಿನ ನಿಯಮವೇ ಇಲ್ಲಿಯೂ.

ಯಾವ ಔಷಧಿ ಮಾತ್ರೆಯ ಬಲ ಕುಗ್ಗಿಸುತ್ತದೆ

ನುಂಗಿದ ಹಾರ್ಮೋನನ್ನು ಒಡೆದು ಹೊರಹಾಕುವುದು ಪಿತ್ತಜನಕಾಂಗದ ಕಿಣ್ವಗಳು. ಕೆಲವು ಔಷಧಿಗಳು ಈ ಕಿಣ್ವಗಳ ಕೆಲಸವನ್ನು ವಿಪರೀತ ಚುರುಕು ಮಾಡುತ್ತವೆ. ಆಗ ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೂ ಸಂಜೆಗೆ ಅರ್ಧದಷ್ಟೂ ಹಾರ್ಮೋನು ಉಳಿಯದೆ ಹೋಗಬಹುದು. ಒಳಪದರ ಹಿಡಿತ ಕಳೆದುಕೊಂಡು ನಡುವೆ ರಕ್ತ ಕಾಣುತ್ತದೆ. ರಕ್ತ ಕಾಣಲೇಬೇಕೆಂದೂ ಇಲ್ಲ, ಸುಳಿವೇ ಕೊಡದೆ ಗರ್ಭ ನಿಲ್ಲಲೂಬಹುದು.

ನಮ್ಮಲ್ಲಿ ಇದರಲ್ಲಿ ಮೊದಲ ಸ್ಥಾನ ಟಿಬಿಯ ಔಷಧಿ ರಿಫಾಂಪಿಸಿನ್‌ಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಸಾಮಾನ್ಯ ಟಿಬಿ ಚಿಕಿತ್ಸೆ ಆರು ತಿಂಗಳದ್ದು, ಆ ಆರೂ ತಿಂಗಳು ದಿನನಿತ್ಯದ ಸಂಯುಕ್ತ ಗುಳಿಗೆಯಲ್ಲಿ ರಿಫಾಂಪಿಸಿನ್ ಇರುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಇದರಿಂದಲೇ, ಗುರುತು ಹಿಡಿಯಲು ಅದಕ್ಕಿಂತ ಸುಲಭದ ಲಕ್ಷಣ ಬೇಡ. ಮನೆಯವರಿಗೆ ಟಿಬಿ ಬಂದಾಗ ಉಳಿದವರಿಗೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಕೊಡುವ ತಡೆ ಚಿಕಿತ್ಸೆಯಲ್ಲಿ ರಿಫಾಪೆಂಟಿನ್ ಇದೆ, ಅದೂ ಇದೇ ಜಾತಿ. ಬರೀ ಐಸೊನಿಯಜಿಡ್ ಆದರೆ ಈ ತೊಂದರೆಯಿಲ್ಲ.

ಟಿಬಿ ಚಿಕಿತ್ಸೆ ಶುರುವಾದ ದಿನದಿಂದ ಅದು ಮುಗಿದ ಮೇಲೂ 28 ದಿನದವರೆಗೆ ಮಾಲಾ-ಎನ್ ಆಗಲಿ, ಇನ್ನಾವ ಹಾರ್ಮೋನು ಮಾತ್ರೆಯಾಗಲಿ ನಂಬುವಂತಿಲ್ಲ. ಔಷಧಿ ನಿಂತ ಮರುದಿನವೇ ಕಿಣ್ವಗಳು ತಣ್ಣಗಾಗುವುದಿಲ್ಲ, ಆ ನಾಲ್ಕು ವಾರ ಅದಕ್ಕೇ. "ಎರಡು ಮಾತ್ರೆ ನುಂಗಿದರೆ ಸರಿಹೋಗುತ್ತದೆ" ಎಂಬ ಉಪಾಯ ಬೇಡ. ಬದಲಿಗೆ ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನ ಪ್ರಮಾಣ ಹೆಚ್ಚು ಇರುವುದರಿಂದ ಅದೂ ಕೆಲಸ ಮಾಡುತ್ತದೆ. ಅಂತರಾದಲ್ಲಿ ಮುಟ್ಟು ಅಡ್ಡಾದಿಡ್ಡಿಯಾಗಿ, ಆಮೇಲೆ ಹಲವರಿಗೆ ನಿಂತೇಹೋಗುತ್ತದೆ ಎನ್ನುವುದು ಮಾತ್ರ ಮೊದಲೇ ತಿಳಿದಿರಲಿ. ಗರ್ಭನಿರೋಧಕದ ಸಲುವಾಗಿ ಟಿಬಿ ಗುಳಿಗೆ ಬಿಡುವುದು ಮಾತ್ರ ಸಲ್ಲದು. ಬದಲಾಯಿಸಬೇಕಾದದ್ದು ಗರ್ಭ ತಡೆಯುವ ವಿಧಾನವನ್ನೇ.

ಎರಡನೆಯದು ಫಿಟ್ಸ್ ಮಾತ್ರೆಗಳು. ಫೆನಿಟಾಯಿನ್, ಕಾರ್ಬಮಜೆಪೈನ್, ಫೀನೊಬಾರ್ಬಿಟೋನ್, ಪ್ರಿಮಿಡೋನ್, ಆಕ್ಸ್‌ಕಾರ್ಬಜೆಪೈನ್ ಇವು ಕಿಣ್ವ ಚುರುಕುಗೊಳಿಸುವ ಗುಂಪಿನವು. ಟೋಪಿರಮೇಟ್ ದಿನಕ್ಕೆ 200 ಮಿಲಿಗ್ರಾಂ ದಾಟಿದರೆ ಅದನ್ನೂ ಸೇರಿಸಿ. ಮೈಗ್ರೇನ್‌ಗೂ, ಮುಖದ ನರನೋವಿಗೂ ಇವುಗಳಲ್ಲಿ ಕೆಲವನ್ನು ಬರೆಯುತ್ತಾರೆ. ಹಾಗಾಗಿ "ನನಗೆ ಫಿಟ್ಸ್ ಇಲ್ಲವಲ್ಲ" ಎಂದು ಬಿಟ್ಟುಬಿಡದೆ ಪಟ್ಟಿಯ ಹಿಂದಿನ ಹೆಸರು ಓದಿ. ಲೆವೆಟಿರಾಸಿಟಾಮ್, ಕ್ಲೊನಾಜೆಪಾಮ್ ಮಾತ್ರೆಯ ಬಲ ತಗ್ಗಿಸುವುದಿಲ್ಲ. ವಾಲ್ಪ್ರೊಯೇಟ್ ಕೂಡ ತಗ್ಗಿಸುವುದಿಲ್ಲ, ಆದರೆ ಅದನ್ನು ನುಂಗುತ್ತಿರುವಾಗ ಗರ್ಭ ನಿಂತರೆ ಮಗುವಿಗೆ ದೊಡ್ಡ ಅಪಾಯ. ಆದ್ದರಿಂದ ಅವರಿಗೆ ಗಟ್ಟಿ ರಕ್ಷಣೆಯೇ ಬೇಕು.

ಲಾಮೊಟ್ರಿಜಿನ್‌ನದು ತಿರುಗುಮುರುಗಾದ ಕಥೆ. ಅಲ್ಲಿ ಗರ್ಭನಿರೋಧಕ ಮಾತ್ರೆಯೇ ಫಿಟ್ಸ್ ಮಾತ್ರೆಯ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 21 ದಿನ ಫಿಟ್ಸ್ ಮರಳುವ ಭಯ, ಕಬ್ಬಿಣದ ಮಾತ್ರೆಯ ಏಳು ದಿನ ಮಟ್ಟ ಮತ್ತೆ ಏರಿ ತಲೆಸುತ್ತು, ಎರಡೆರಡು ಕಾಣುವುದು. ತಿಂಗಳಿಗೊಮ್ಮೆ ಮುಟ್ಟಿನ ಹೊತ್ತಿಗೇ ಹೀಗಾಗುತ್ತಿದ್ದರೆ ಅದನ್ನು ಮುಟ್ಟಿನ ಸುಸ್ತು ಎಂದುಕೊಳ್ಳದೆ ನರರೋಗ ತಜ್ಞರಿಗೆ ತಿಳಿಸಿ, ಪ್ರಮಾಣ ಬದಲಿಸಬೇಕಾಗುತ್ತದೆ. ಎಚ್‌ಐವಿ ಚಿಕಿತ್ಸೆಯ ಲಾಮಿವುಡಿನ್ ಹೆಸರು ಕಿವಿಗೆ ಇದರಂತೆಯೇ ಕೇಳಿಸುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಚ್‌ಐವಿ ಔಷಧಿಗಳಲ್ಲಿ ಡೊಲುಟೆಗ್ರಾವಿರ್‌ನಿಂದ ತೊಂದರೆಯಿಲ್ಲ. ಎಫಾವಿರೆಂಜ್ ಮತ್ತು ರಿಟೊನಾವಿರ್ ಸೇರಿದವು ಹಾರ್ಮೋನಿನ ಮಟ್ಟ ತಗ್ಗಿಸಬಲ್ಲವು.

ಇನ್ನು ಚಿಕ್ಕಪುಟ್ಟವು. ಗಜಕರ್ಣಕ್ಕೆ ಕೊಡುವ ಗ್ರಿಸಿಯೊಫಲ್ವಿನ್ ಬಲ ತಗ್ಗಿಸಬಲ್ಲದು, ಟರ್ಬಿನಾಫಿನ್ ಹಾಗಲ್ಲ. ಮನಸ್ಸಿನ ಬೇಸರಕ್ಕೆಂದು ಆನ್‌ಲೈನ್‌ನಲ್ಲಿ ಮಾರುವ ಸೇಂಟ್ ಜಾನ್ಸ್ ವರ್ಟ್ ಗಿಡಮೂಲಿಕೆಯೇ ಆದರೂ ರಿಫಾಂಪಿಸಿನ್ ಗುಂಪಿಗೇ ಸೇರುತ್ತದೆ. ತೂಕ ಇಳಿಸಲು, ಸಕ್ಕರೆ ಕಾಯಿಲೆಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ ಮಾತ್ರೆ ಹೀರುವುದನ್ನು ಕೆಡಿಸುತ್ತದೆ. ಅದನ್ನು ಶುರುಮಾಡಿದ ಮೇಲೆ ನಾಲ್ಕು ವಾರ, ಪ್ರಮಾಣ ಏರಿಸಿದಾಗಲೆಲ್ಲ ಮತ್ತೆ ನಾಲ್ಕು ವಾರ ಕಾಂಡೋಮ್ ಬೇಕು.

ಆಂಟಿಬಯಾಟಿಕ್ ಎಂದ ಕೂಡಲೇ ಹೆದರುವುದು

ಗಂಟಲುನೋವಿಗೆ ಅಮಾಕ್ಸಿಸಿಲಿನ್, ಜ್ವರಕ್ಕೆ ಅಜಿತ್ರೊಮೈಸಿನ್, ಮೊಡವೆಗೆ ಡಾಕ್ಸಿಸೈಕ್ಲಿನ್, ಮೂತ್ರದ ಉರಿಗೆ ಸಿಪ್ರೊಫ್ಲಾಕ್ಸಾಸಿನ್. ಇವಾವುವೂ ಗರ್ಭನಿರೋಧಕ ಮಾತ್ರೆಯ ಕೆಲಸ ಕೆಡಿಸುವುದಿಲ್ಲ. ಆಂಟಿಬಯಾಟಿಕ್‌ಗಳಲ್ಲಿ ರಿಫಾಂಪಿಸಿನ್ ಬಳಗವೊಂದೇ ಅಪವಾದ. ಆದರೂ ಈ ಭಯದಿಂದ ಮಾತ್ರೆಯನ್ನೇ ನಿಲ್ಲಿಸಿ ಗರ್ಭ ನಿಲ್ಲಿಸಿಕೊಳ್ಳುವುದುಂಟು. ಆಂಟಿಬಯಾಟಿಕ್‌ನಿಂದ ಭೇದಿ ವಾಂತಿ ಹತ್ತಿಕೊಂಡರೆ ಮಾತ್ರ ಮೇಲೆ ಹೇಳಿದ ವಾಂತಿಯ ನಿಯಮ. ಪ್ಯಾರಾಸಿಟಮಾಲ್, ಮೆಫೆನಮಿಕ್ ಆಮ್ಲದ ನೋವಿನ ಮಾತ್ರೆ ಇವುಗಳ ಚಿಂತೆ ಬೇಡ.

ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲದ ವಿಷಯದಲ್ಲಿ ಮಾತ್ರ ಎಚ್ಚರ. ಹೆಚ್ಚು ಸ್ರಾವಕ್ಕೆ ಮೆಫೆನಮಿಕ್ ಜೊತೆ ಸೇರಿಸಿ ಒಂದೇ ಗುಳಿಗೆಯಾಗಿ ಸಿಗುತ್ತದೆ, ಹಿಂದೊಮ್ಮೆ ಬರೆದುಕೊಟ್ಟ ಚೀಟಿ ತೋರಿಸಿ ಮತ್ತೆ ಕೊಳ್ಳುವವರೂ ಇದ್ದಾರೆ. ಈಸ್ಟ್ರೊಜನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತದೆ, ಟ್ರಾನೆಕ್ಸಾಮಿಕ್ ಕಟ್ಟಿದ ಹೆಪ್ಪು ಕರಗದಂತೆ ನೋಡಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಬೇಡ. ಮಾತ್ರೆ ನುಂಗುವವರಿಗೆ ನಡುವೆ ರಕ್ತ ಕಂಡಾಗ ಅಂಗಡಿಯಲ್ಲಿ ಕೇಳಿ ತಂದುಕೊಳ್ಳಬಾರದ ಔಷಧಿ ಯಾವುದೆಂದರೆ ಇದೇ.

ಥೈರಾಯ್ಡ್, ಮುಖದ ಕೂದಲು, ಬಿಪಿ

ಥೈರಾಕ್ಸಿನ್ ತೆಗೆದುಕೊಳ್ಳುವವರು ಈಸ್ಟ್ರೊಜನ್ ಮಾತ್ರೆ ಶುರುಮಾಡಿದರೆ ಥೈರಾಕ್ಸಿನ್ ಪ್ರಮಾಣ ಹೆಚ್ಚಿಸಬೇಕಾಗಬಹುದು. ಆರರಿಂದ ಹನ್ನೆರಡು ವಾರದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ನೋಡಿಸಿ. ಯಾರೂ ಹೇಳದ ಇನ್ನೊಂದು ಅಂಶವಿದೆ: ಮಾಲಾ-ಎನ್‌ನ ಆ ಏಳು ಕಬ್ಬಿಣದ ಮಾತ್ರೆ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ಹೀರದಂತೆ ಮಾಡುತ್ತದೆ. ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಇರಲಿ. ಥೈರಾಕ್ಸಿನ್ ಬೆಳಗ್ಗೆ ಖಾಲಿಹೊಟ್ಟೆಗೆ, ಇದು ರಾತ್ರಿ ಎಂದಿಟ್ಟುಕೊಂಡರೆ ಮುಗಿಯಿತು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ಗೂ ಕಬ್ಬಿಣಕ್ಕೂ ಇದೇ ಜಗಳ. ಕಬ್ಬಿಣದ ಮಾತ್ರೆಯ ಹಿಂದೆಯೇ ಟೀ ಕುಡಿಯುವುದೂ ಬೇಡ. ಆ ದಿನಗಳಲ್ಲಿ ಮಲ ಕಪ್ಪಾದರೆ ಅದು ಕಬ್ಬಿಣದ ಬಣ್ಣ.

ಪಿಸಿಓಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇರುವವರಿಗೆ ಮುಖದ ಕೂದಲಿಗೆಂದು ಡ್ರೊಸ್ಪಿರಿನೋನ್ ಇರುವ ಮಾತ್ರೆಯ ಜೊತೆ ಸ್ಪೈರೊನೊಲ್ಯಾಕ್ಟೋನ್ ಬರೆಯುವುದುಂಟು. ಎರಡೂ ಪೊಟ್ಯಾಸಿಯಂ ಏರಿಸಬಲ್ಲವು. ಮೂತ್ರಪಿಂಡದ ತೊಂದರೆ ಇದ್ದರೆ, ಬಿಪಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಥರದ್ದು ನಡೆಯುತ್ತಿದ್ದರೆ ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಿ. ಬಿಪಿಯನ್ನು ಮಾತ್ರೆ ಶುರುಮಾಡುವ ಮೊದಲೇ ನೋಡಿಸಬೇಕು. 140/90 ದಾಟಿದವರಿಗೆ ಈಸ್ಟ್ರೊಜನ್ ಮಾತ್ರೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಣ್ಣೆದುರು ಮಿಂಚು ಕಂಡು ಬರುವ ಮೈಗ್ರೇನ್ ಇರುವವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, 35 ದಾಟಿ ಬೀಡಿ ಸಿಗರೇಟು ಸೇದುವವರಿಗೆ, ಆರು ತಿಂಗಳೊಳಗಿನ ಮಗುವಿಗೆ ಹಾಲೂಡುವವರಿಗೂ ಇದು ಬೇಡ.

ಹಬ್ಬಕ್ಕೆ ಮುಟ್ಟು ಮುಂದೂಡುವುದು, ತುರ್ತು ಮಾತ್ರೆ, ಛಾಯಾ

ಗೌರಿ ಹಬ್ಬ, ಗೃಹಪ್ರವೇಶ, ಮದುವೆ ಎಂದರೆ ಮೆಡಿಕಲ್ ಶಾಪಿನಲ್ಲಿ ಕೇಳುವ ಮಾತ್ರೆ ನೊರೆತಿಸ್ಟಿರೋನ್ 5 ಮಿಲಿಗ್ರಾಂ. ಮುಟ್ಟಾಗುವ ದಿನಕ್ಕೆ ಮೂರು ದಿನ ಮೊದಲೇ ಶುರುಮಾಡಿ ದಿನಕ್ಕೆ ಮೂರು ಬಾರಿ ನುಂಗಬೇಕು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಹಿಂದಿನ ದಿನ ಸಂಜೆ ನೆನಪಾಗಿ ಶುರುಮಾಡಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಇದು ಗರ್ಭ ತಡೆಯುವ ಮಾತ್ರೆಯಲ್ಲ, ಹೆಪ್ಪುಗಟ್ಟುವ ಅಪಾಯ ಇದರಲ್ಲೂ ಇರುವುದರಿಂದ ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಈಗಾಗಲೇ ಮಾಲಾ-ಎನ್ ನುಂಗುತ್ತಿರುವವರಿಗೆ ಇದರ ಅಗತ್ಯವೇ ಇಲ್ಲ. ಕಬ್ಬಿಣದ ಏಳು ಮಾತ್ರೆ ಬಿಟ್ಟು ನೇರ ಹೊಸ ಪಟ್ಟಿಯ ಬಿಳಿ ಮಾತ್ರೆಗೆ ಹೋದರೆ ಮುಟ್ಟು ತಾನಾಗಿ ಮುಂದಕ್ಕೆ ಹೋಗುತ್ತದೆ, ರಕ್ಷಣೆಯೂ ಉಳಿಯುತ್ತದೆ.

ತುರ್ತು ಮಾತ್ರೆ ಎಂದರೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 72 ಗಂಟೆಯೊಳಗೆ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅದಾದ ಮೇಲೆ ಮುಟ್ಟು ವಾರ ಹಿಂದೆ ಮುಂದೆ ಆಗಬಹುದು. ಮೂರು ವಾರವಾದರೂ ಆಗದಿದ್ದರೆ ಪರೀಕ್ಷೆ ಮಾಡಿಕೊಳ್ಳಿ. ರಿಫಾಂಪಿಸಿನ್, ಫೆನಿಟಾಯಿನ್ ಗುಂಪು ಇದರ ಬಲವನ್ನೂ ಕುಗ್ಗಿಸುತ್ತದೆ. ಅವರಿಗೆ ಐದು ದಿನದೊಳಗೆ ಹಾಕಿಸಿಕೊಳ್ಳುವ ಕಾಪರ್-ಟಿಯೇ ಉತ್ತಮ. ಅದು ಸಾಧ್ಯವಿಲ್ಲದಾಗ ಎರಡು ತುರ್ತು ಮಾತ್ರೆ ಒಟ್ಟಿಗೆ ಕೊಡುವುದು ವೈದ್ಯರ ನಿರ್ಧಾರ.

ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವ ಛಾಯಾ ಎಂಬ ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೊಜನ್ ಆಗಲಿ ಪ್ರೊಜೆಸ್ಟಿನ್ ಆಗಲಿ ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸೆಂಟ್‌ಕ್ರೋಮನ್ 30 ಮಿಲಿಗ್ರಾಂ ಅದು. ಮುಟ್ಟಿನ ಮೊದಲ ದಿನ ಶುರುಮಾಡಿ ಮೂರು ತಿಂಗಳು ವಾರಕ್ಕೆರಡು, ಮೊದಲ ದಿನ ಭಾನುವಾರ ಆದರೆ ಭಾನುವಾರ ಮತ್ತು ಬುಧವಾರ. ಆಮೇಲೆ ವಾರಕ್ಕೊಂದು, ಮೊದಲ ಮಾತ್ರೆ ನುಂಗಿದ ವಾರದ ಅದೇ ದಿನ. ಇದರಲ್ಲಿ ಮುಟ್ಟಿನ ಅಂತರ ಹಿಗ್ಗುತ್ತದೆ, 28 ದಿನದ್ದು 40ಕ್ಕೆ ಹೋಗಬಹುದು. ಮುಟ್ಟಾಗಬೇಕಾದ ದಿನ ಕಳೆದು 15 ದಿನ ಮೀರಿದರೆ ಗರ್ಭಪರೀಕ್ಷೆ ಮಾಡಿ. ಏಳು ದಿನದೊಳಗಿನ ಮರೆವಾದರೆ ನೆನಪಾದಾಗ ನುಂಗಿ ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಿ, ಏಳು ದಿನ ದಾಟಿದರೆ ಮತ್ತೆ ಮೊದಲಿನಿಂದ ವಾರಕ್ಕೆರಡರ ಲೆಕ್ಕ.

ಆಸ್ಪತ್ರೆಗೆ ಹೋಗುವಾಗ

ಜ್ವರಕ್ಕಿರಲಿ ಹಲ್ಲುನೋವಿಗಿರಲಿ, ವೈದ್ಯರು "ಬೇರೆ ಏನಾದರೂ ಮಾತ್ರೆ ನುಂಗ್ತಿದ್ದೀರಾ" ಎಂದಾಗ ಹೆಚ್ಚಿನವರು ಬಿಪಿ, ಶುಗರ್ ಮಾತ್ರೆ ಹೇಳಿ ಗರ್ಭನಿರೋಧಕ ಮಾತ್ರೆಯ ವಿಷಯ ಮುಚ್ಚಿಡುತ್ತಾರೆ. ಜೊತೆಯಲ್ಲಿ ಅತ್ತೆಯೋ ಮಾವನೋ ಇದ್ದರಂತೂ ಕೇಳುವುದೇ ಬೇಡ. ಪಟ್ಟಿಯ ಹಿಂಬದಿಯ ಫೋಟೊ ಮೊಬೈಲಿನಲ್ಲಿಟ್ಟುಕೊಂಡು ತೋರಿಸಿದರೆ ಬಾಯಿಬಿಟ್ಟು ಹೇಳುವ ಕಷ್ಟವಿಲ್ಲ. ದಿನಗಟ್ಟಲೆ ಮಲಗಬೇಕಾದ ದೊಡ್ಡ ಆಪರೇಷನ್ ಇದ್ದರೆ ನಾಲ್ಕು ವಾರ ಮೊದಲೇ ತಿಳಿಸಿ, ಮಾತ್ರೆ ನಿಲ್ಲಿಸಬೇಕಾಗುತ್ತದೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಏದುಸಿರು, ಹಿಂದೆಂದೂ ಕಾಣದಂಥ ತಲೆನೋವು, ಕಣ್ಣು ಮಂಜಾಗುವುದು, ಕೈಕಾಲು ಸೋಲುವುದು, ಕಣ್ಣು ಹಳದಿಯಾಗುವುದು: ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

ಮಗು ಬೇಕೆಂದು ಮಾತ್ರೆ ಬಿಟ್ಟವರಿಗೆ ಸಹಜ ಮುಟ್ಟು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಮರಳುತ್ತದೆ. ಅಂಡ ಬಿಡುವುದು ಅದಕ್ಕೂ ಮೊದಲೇ ಆಗಬಹುದು, ಆದ್ದರಿಂದ ಮುಟ್ಟೇ ಕಾಣದೆ ಗರ್ಭ ನಿಂತರೆ ಅಚ್ಚರಿಯಿಲ್ಲ. ಮೂರು ತಿಂಗಳಾದರೂ ಎರಡೂ ಇಲ್ಲವೆಂದರೆ ತೋರಿಸಬೇಕು. ಮಾತ್ರೆಗೆ ಮೊದಲು ಮುಟ್ಟು ಏರುಪೇರಾಗಿದ್ದವರಿಗೆ, ಅದರಲ್ಲೂ ಪಿಸಿಓಡಿ ಇದ್ದವರಿಗೆ, ಆ ಏರುಪೇರು ಮತ್ತೆ ಬರುತ್ತದೆ. ಮಾತ್ರೆ ನುಂಗಿದಷ್ಟು ದಿನ ತಿಂಗಳು ತಿಂಗಳು ಸರಿಯಾಗಿ ಬಂದದ್ದು 21 ಮತ್ತು 7ರ ಲೆಕ್ಕವೇ ಹೊರತು ಕಾಯಿಲೆ ಹೋದದ್ದಲ್ಲ.